ಜಾಮೀನಿನ ಮೇಲೆ ಬಂದವನು ಮತ್ತೆ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿದ್ದಾನೆ. "ಹತ್ತಿರ ಬರಬೇಡ" ಅಂತ ಕೋರ್ಟಿನಿಂದ ಆದೇಶ ಸಿಗುತ್ತಾ?

ಮಂಡ್ಯದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ಚಿಕ್ಕಮ್ಮನ ಮಗಳ ವಿಷಯ ಇದು. ಹೆಸರು, ಊರು, ಠಾಣೆ ಬರೆಯುವುದಿಲ್ಲ. ಮಂಡ್ಯ ಜಿಲ್ಲೆ ಅಂತ ಮಾತ್ರ ಇಟ್ಟುಕೊಳ್ಳಿ.

ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಪಕ್ಕದ ಬೀದಿಯವನೊಬ್ಬ ತುಂಬಾ ದಿನದಿಂದ ಹಿಂದೆ ಬಿದ್ದಿದ್ದ. ಬೇಡ ಅಂತ ಮುಖಕ್ಕೆ ಹೇಳಿದ್ದಳು. ಒಂದು ಸಂಜೆ ಶಿಫ್ಟ್ ಮುಗಿಸಿ ಬರುವಾಗ ದಾರಿಯಲ್ಲಿ ತಡೆದು ಎಳೆದಾಡಿದ, ಬಟ್ಟೆ ಹರಿದ, ಹೊಡೆದ. ದೂರು ಕೊಟ್ಟೆವು. ಭಾರತೀಯ ನ್ಯಾಯ ಸಂಹಿತೆ 74 (ಹೆಣ್ಣಿನ ಮಾನಕ್ಕೆ ಕುಂದು ತರಲು ಕೈ ಮಾಡುವುದು) ಮತ್ತು 78 (ಹಿಂಬಾಲಿಸುವುದು) ಅಂತ ಎಫ್‌ಐಆರ್ ಆಯಿತು. ಅರೆಸ್ಟೂ ಆಯಿತು. ಆಮೇಲೆ ಜಾಮೀನು ಸಿಕ್ಕಿದೆ. ನಮಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೋದಾಗ ಅವನು ಎದುರಿಗೆ ನಿಂತಿದ್ದ. ಹಾಗೆ ಗೊತ್ತಾಯಿತು.

ಈಗ ಅವನು ಮಾತಾಡುವುದಿಲ್ಲ, ಮುಟ್ಟುವುದಿಲ್ಲ. ಸುಮ್ನೆ ನಿಂತು ನೋಡುತ್ತಾನೆ. ಅವನ ತಾಯಿ ಮನೆಗೆ ಬಂದು "ಒಂದೇ ಊರಲ್ಲಿ ಬಾಳಬೇಕಾದೋರು ನಾವು, ಕೇಸ್ ವಾಪ್ಸ್ ತಗೊಳ್ರವ್ವ" ಅಂತ ಅಳುತ್ತಾರೆ. ಅವನ ಸ್ನೇಹಿತನ ಇನ್‌ಸ್ಟಾಗ್ರಾಮ್‌ನಿಂದ ಮೆಸೇಜ್ ಬರುತ್ತದೆ. ಠಾಣೆಗೆ ಹೋಗಿ ಕೇಳಿದರೆ, "ಬಸ್ ಸ್ಟಾಪ್ ಸಾರ್ವಜನಿಕ ಜಾಗ ಕಣಮ್ಮ, ನಿಲ್ಲಬೇಡ ಅಂತ ನಾವು ಹೇಗೆ ಹೇಳೋದು" ಅಂದರು.

ಚಿಕ್ಕಪ್ಪ ಈಗ ಅವಳನ್ನು ಕೆಲಸ ಬಿಡಿಸಿ ಅಜ್ಜಿ ಮನೆಗೆ ಕಳಿಸೋಣ ಅನ್ನುತ್ತಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಮಾಡಿದವನು ಆರಾಮಾಗಿ ಊರಲ್ಲಿ ಇರಬೇಕು, ಇವಳು ಊರು ಬಿಡಬೇಕು. ಹೊರದೇಶದಲ್ಲಿ ಇಷ್ಟು ದೂರದೊಳಗೆ ಬರಬಾರದು ಅಂತ ಕೋರ್ಟ್ ಆದೇಶ ಕೊಡುತ್ತದಂತೆ. ನಮ್ಮಲ್ಲಿ ಅಂಥದ್ದು ಇದೆಯಾ? ಯಾರನ್ನು ಕೇಳಬೇಕು?

ವಕೀಲೆ, ಮೈಸೂರು

ಅಕ್ಕ, ಮೊದಲು ಒಂದು ಪ್ರಶ್ನೆ. ಜಾಮೀನು ಆದೇಶದ ಪ್ರತಿ ನಿಮ್ಮ ಕೈಗೆ ಬಂದಿದೆಯಾ? ಅದರಲ್ಲಿ ಏನು ಷರತ್ತು ಇದೆ ಅಂತ ಓದಿದ್ದೀರಾ? ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ರಾತ್ರಿ ವಿವರವಾಗಿ ಬರೆಯುತ್ತೇನೆ.

ಮಂಡ್ಯದ ಅಕ್ಕ

ಇಲ್ಲ ಮೇಡಂ. ಅದನ್ನು ನಮಗೂ ಕೊಡಬೇಕು ಅಂತಲೇ ಗೊತ್ತಿರಲಿಲ್ಲ. ಜಾಮೀನು ಅವನ ವಿಷಯ, ನಮಗೆ ಸಂಬಂಧ ಇಲ್ಲ ಅಂದುಕೊಂಡಿದ್ದೆವು.

ಕಬ್ಬಿನಗದ್ದೆ

ನಮ್ಮ ಕಡೆ ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ದೂರು ಕೊಟ್ಟ ಮೇಲೆ ಕೇಸು ಪೊಲೀಸರದ್ದು, ಕೋರ್ಟು ಲಾಯರದ್ದು, ನಾವು ಕರೆದಾಗ ಹೋಗಿ ಬರೋದು ಅಷ್ಟೇ. ಗಡಿಪಾರು ಮಾಡಿಸೋಕೆ ಆಗಲ್ವಾ?

ಸರಸ್ವತಿಪುರಂ ಟೀಚರ್

ಕಾನೂನು ನನಗೆ ಅಷ್ಟು ಗೊತ್ತಿಲ್ಲ. ಆದರೆ "ಅಜ್ಜಿ ಮನೆಗೆ ಕಳಿಸೋಣ" ಅನ್ನುವ ಮಾತು ಓದಿ ಸುಮ್ಮನಿರಲು ಆಗಲಿಲ್ಲ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಆ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ಆಯಿತಲ್ಲ, ಆಗ ಮೈಸೂರು ವಿಶ್ವವಿದ್ಯಾನಿಲಯ ಮಾಡಿದ್ದೇನು ನೆನಪಿದೆಯಾ? ಸಂಜೆ 6.30ರ ಮೇಲೆ ತನ್ನ ಮಾನಸಗಂಗೋತ್ರಿ ಆವರಣದಲ್ಲಿ ಹೆಣ್ಣುಮಕ್ಕಳು ಒಬ್ಬರೇ ಓಡಾಡಬಾರದು ಅಂತ ಸುತ್ತೋಲೆ ಹೊರಡಿಸಿತು. ವಿದ್ಯಾರ್ಥಿನಿಯರು ತಿರುಗಿಬಿದ್ದ ಮೇಲೆ ವಾಪಸ್ ತೆಗೆದುಕೊಂಡರು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಏನೇ ಆದರೂ ಮೊದಲು ನೆನಪಾಗುವುದು ಹುಡುಗಿಯ ಕಾಲಿಗೆ ಕಟ್ಟು ಹಾಕುವುದು. ಮನೆಯಲ್ಲೂ ಅದೇ, ದೊಡ್ಡ ಸಂಸ್ಥೆಯಲ್ಲೂ ಅದೇ.

ನಿಮ್ಮ ತಂಗಿ ಕೆಲಸ ಬಿಟ್ಟರೆ ಸಂಬಳ ಹೋಗುತ್ತದೆ, ಪಿಎಫ್ ಹೋಗುತ್ತದೆ, ಜೊತೆಗಿದ್ದ ಗೆಳತಿಯರು ಹೋಗುತ್ತಾರೆ. ಅವನು ಕಳೆದುಕೊಳ್ಳುವುದು ಏನೂ ಇಲ್ಲ. ದಯವಿಟ್ಟು ಚಿಕ್ಕಪ್ಪನ ಹತ್ತಿರ ಇದನ್ನು ಮಾತಾಡಿ.

ಊರ ಹಿರಿಯ

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ಕೇಸು ಇನ್ನೂ ಸಾಬೀತಾಗಿಲ್ಲ. ಕೋರ್ಟೇ ಜಾಮೀನು ಕೊಟ್ಟಿದೆ. ಸ್ವಂತ ಊರಿನ ಬಸ್ ಸ್ಟಾಪಿನಲ್ಲಿ ಅವನು ನಿಲ್ಲಬಾರದು ಅಂದರೆ ಹೇಗೆ? ಹಿರಿಯರು ಕೂತು ಒಂದು ಮಾತು ಮಾಡಿಸಿದರೆ ಎರಡು ಮನೆಗೂ ನೆಮ್ಮದಿ ಅಲ್ವಾ?

ವಕೀಲೆ, ಮೈಸೂರು

ಹಿರಿಯರೇ, ನಿಮ್ಮ ಮಾತಿನಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಕೋರ್ಟ್ ಹಾಲಿನಲ್ಲೂ ಇದೇ ವಾದ ಬರುತ್ತದೆ.

ಸಾಬೀತಾಗಿಲ್ಲ, ನಿಜ. ಅದಕ್ಕೇ ಅವನು ಹೊರಗೆ ಇದ್ದಾನೆ. ದೂರ ಇರು ಅನ್ನುವುದು ಶಿಕ್ಷೆ ಅಲ್ಲ. ಅವನ ಮನೆ ಹೋಗುವುದಿಲ್ಲ, ಕೆಲಸ ಹೋಗುವುದಿಲ್ಲ. ಒಬ್ಬ ಹೆಣ್ಣುಮಗಳ ಹತ್ತಿರ ಹೋಗಬೇಡ ಅನ್ನುವುದಷ್ಟೇ. ವಿಚಾರಣೆ ಮುಗಿಯುವವರೆಗೆ ಸಾಕ್ಷಿ ಹೇಳುವವಳು ಹೆದರದೆ ಇರಬೇಕು. ಇಲ್ಲದಿದ್ದರೆ ಸಾಬೀತಾಗುವ ಪ್ರಶ್ನೆಯೇ ಬರುವುದಿಲ್ಲ, ಅವಳು ಕಟಕಟೆಗೆ ಬರುವ ಮೊದಲೇ ಕೇಸು ಸತ್ತಿರುತ್ತದೆ. ನಾನು ನೋಡಿದ ಎಷ್ಟೋ ಕೇಸುಗಳು ಹಾಗೇ ಸತ್ತಿವೆ.

ಇನ್ನು ರಾಜಿ. ಇದರ ಬಗ್ಗೆ ಸುಪ್ರೀಂ ಕೋರ್ಟ್ 2021ರ ಮಾರ್ಚ್ 18ರಂದು ಅಪರ್ಣಾ ಭಟ್ ಪ್ರಕರಣದಲ್ಲಿ ಖಡಕ್ಕಾಗಿ ಹೇಳಿದೆ. ಹಿನ್ನೆಲೆ ಕೇಳಿ. ಮಧ್ಯಪ್ರದೇಶದಲ್ಲಿ ಒಬ್ಬ ಪಕ್ಕದ ಮನೆಗೆ ನುಗ್ಗಿ ಹೆಣ್ಣುಮಗಳ ಮೇಲೆ ಕೈ ಮಾಡಿದ್ದ. ಅಲ್ಲಿನ ಹೈಕೋರ್ಟ್ 2020ರಲ್ಲಿ ಜಾಮೀನು ಕೊಡುವಾಗ ಹಾಕಿದ ಷರತ್ತು ಏನು ಗೊತ್ತಾ? ರಕ್ಷಾಬಂಧನದ ದಿನ ಸಿಹಿ ತೆಗೆದುಕೊಂಡು ಆಕೆಯ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕು, 11,000 ರೂಪಾಯಿ ಉಡುಗೊರೆ ಕೊಡಬೇಕು. ಯಾರಿಗೆ ಹೆದರಿ ಆಕೆ ದೂರು ಕೊಟ್ಟಿದ್ದಳೋ ಅವನನ್ನೇ ಕೋರ್ಟು ಆಕೆಯ ಬಾಗಿಲಿಗೆ ಕಳಿಸಿತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆರೋಪಿ ಮತ್ತು ಸಂತ್ರಸ್ತೆ ಸಂಪರ್ಕಕ್ಕೆ ಬರುವಂಥ ಯಾವ ಷರತ್ತನ್ನೂ ಜಾಮೀನಿನಲ್ಲಿ ಹಾಕಬಾರದು ಅಂದಿತು. ಮದುವೆ ಮಾಡಿಕೊಳ್ಳಿ, ರಾಜಿ ಮಾಡಿಕೊಳ್ಳಿ ಅಂತ ನ್ಯಾಯಾಧೀಶರೇ ಸೂಚಿಸಬಾರದು ಅಂದಿತು. ತೊಂದರೆ ಆಗಬಹುದು ಅನ್ನಿಸಿದರೆ ಪೊಲೀಸರಿಂದ ವರದಿ ತರಿಸಿಕೊಂಡು ರಕ್ಷಣೆಗೆ ಬೇರೆ ಆದೇಶ ಮಾಡಬೇಕು, ಆಕೆಯನ್ನು ಸಂಪರ್ಕಿಸಬಾರದು ಅಂತ ಆರೋಪಿಗೂ ಹೇಳಬೇಕು.

ಅಕ್ಕ, ನಿಮಗೆ ಬೇಕಾದ ಸಾಲು ಅದೇ ತೀರ್ಪಿನಲ್ಲಿದೆ. ಜಾಮೀನು ಸಿಕ್ಕ ಕೂಡಲೇ ದೂರುದಾರಳಿಗೆ ತಿಳಿಸಬೇಕು. ಆದೇಶದ ಪ್ರತಿಯನ್ನು 2 ದಿನದೊಳಗೆ ಕೊಡಬೇಕು. ನಿಮ್ಮ ತಂಗಿಗೆ ಬಸ್ ಸ್ಟಾಪಿನಲ್ಲಿ ಅವನ ಮುಖ ನೋಡಿ ಗೊತ್ತಾಗಬೇಕಾದ ವಿಷಯವಲ್ಲ ಇದು.

ಈಗ ನೀವು ಮಾಡಬೇಕಾದ್ದು. ಜಾಮೀನು ಕೊಟ್ಟ ಕೋರ್ಟಿನಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಅದರಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಸಾಕ್ಷಿಗಳಿಗೆ ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ಬೆದರಿಕೆ, ಆಮಿಷ, ಭರವಸೆ ಒಡ್ಡಬಾರದು. ಆ "ಪರೋಕ್ಷ" ಅನ್ನುವುದರೊಳಗೆ ಸ್ನೇಹಿತನ ಇನ್‌ಸ್ಟಾಗ್ರಾಮೂ ಬರುತ್ತದೆ, ಅವನು ಕಳಿಸಿದ್ದರೆ ತಾಯಿಯ ಕಣ್ಣೀರೂ ಬರುತ್ತದೆ. ಷರತ್ತು ಮುರಿದರೆ ಜಾಮೀನು ರದ್ದು ಮಾಡಿ ಅಂತ ಕೇಳಬಹುದು. ಜಾಮೀನು ಕೊಟ್ಟ ಕೋರ್ಟಿನಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480(5), ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ 483(3). ಷರತ್ತು ತೀರಾ ಸಡಿಲವಾಗಿದ್ದರೆ ಬಿಗಿ ಮಾಡಿ ಅಂತ ಅರ್ಜಿ ಹಾಕಬಹುದು. ಅದು ಬೇರೆ, ಇದು ಬೇರೆ.

ಸುಮ್ನೆ ನಿಂತಿದ್ದಾನೆ, ಏನೂ ಮಾಡಿಲ್ಲ ಅನ್ನುವವರಿಗೆ ಇನ್ನೊಂದು ತೀರ್ಪು ಹೇಳಿ. ಇದೂ ಮಧ್ಯಪ್ರದೇಶದ್ದೇ, 2022ರ ಮೇ ತಿಂಗಳದ್ದು. ಅತ್ಯಾಚಾರದ ಆರೋಪಿ ಜಾಮೀನಿನ ಮೇಲೆ ಹೊರಬಂದಾಗ ಅಣ್ಣ ವಾಪಸ್ ಬಂದ ಅನ್ನುವ ಅರ್ಥದ ಪೋಸ್ಟರ್ ಹಾಕಿ ಸ್ವಾಗತ ಮಾಡಿದ್ದರು. ಸುಪ್ರೀಂ ಕೋರ್ಟ್ ಆ ಪೋಸ್ಟರ್‌ಗಳನ್ನೂ ಗಂಭೀರವಾಗಿ ತೆಗೆದುಕೊಂಡು ಜಾಮೀನು ರದ್ದು ಮಾಡಿತು. ಕೈ ಮುಟ್ಟದೆಯೂ ಹೆದರಿಸಬಹುದು ಅನ್ನುವುದು ನ್ಯಾಯಾಲಯಕ್ಕೆ ಗೊತ್ತಿದೆ.

ಕುವೆಂಪುನಗರ ನಿವಾಸಿ

ನನ್ನ ಹತ್ತಿರ ಅಂಥ ಆದೇಶ ಇದೆ. ಅಕ್ಕನ ಪ್ರಶ್ನೆಗೆ ನೇರ ಉತ್ತರ ಆಗದೇ ಇರಬಹುದು. ನನ್ನದು ಗಂಡನ ವಿರುದ್ಧ. ಆದರೂ ಆದೇಶ ಕೈಯಲ್ಲಿದ್ದರೆ ದಿನ ಹೇಗೆ ಬದಲಾಗುತ್ತದೆ ಅಂತ ಹೇಳಬೇಕು ಅನ್ನಿಸಿತು.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ. ಅದರ 18ನೇ ಕಲಂನಲ್ಲಿ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡುತ್ತಾರೆ. ಎದುರಿಗೆ ಬರಬಾರದು, ಫೋನ್ ಮಾಡಬಾರದು, ಪತ್ರ, ಮೆಸೇಜ್, ಯಾವ ರೂಪದಲ್ಲೂ ಸಂಪರ್ಕ ಮಾಡಬಾರದು. ನಾನು ಕೆಲಸ ಮಾಡುವ ಕಡೆ, ಮಗಳ ಶಾಲೆಗೆ ಕಾಲಿಡಬಾರದು. ನನಗೆ ಸಹಾಯ ಮಾಡುವವರಿಗೂ ತೊಂದರೆ ಕೊಡಬಾರದು. ನನ್ನ ಅಣ್ಣನ ಮನೆ ಮುಂದೆ ಅವರು ಗಲಾಟೆ ಮಾಡುತ್ತಿದ್ದರು, ಅದಕ್ಕೇ ಈ ಸಾಲು ನಮಗೆ ಬಹಳ ಮುಖ್ಯವಾಗಿತ್ತು.

ತುರ್ತು ಇದ್ದರೆ ಅವರಿಗೆ ನೋಟಿಸ್ ಹೋಗಿ ಬರುವವರೆಗೆ ಕಾಯದೆ 23ನೇ ಕಲಂನಲ್ಲಿ ಮಧ್ಯಂತರ ಆದೇಶ ಕೊಡುತ್ತಾರೆ. ನನಗೆ ಹಾಗೇ ಸಿಕ್ಕಿತು. ಅರ್ಜಿ ಬರೆಯಲು ಸಹಾಯ ಮಾಡಿದ್ದು ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ, ಅದೇ ಸಿಡಿಪಿಒ ಅಂತಾರಲ್ಲ, ಅವರಿಗೇ ಈ ಜವಾಬ್ದಾರಿ ಇದೆ. ಅಂಗನವಾಡಿ ಟೀಚರ್ ಕೇಳಿದರೆ ಆಫೀಸ್ ಎಲ್ಲಿ ಅಂತ ಹೇಳುತ್ತಾರೆ. ವಕೀಲರಿಗೆ ಒಂದು ರೂಪಾಯಿ ಕೊಟ್ಟಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಕೊಟ್ಟರು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ.

ಆದೇಶದ ಜೆರಾಕ್ಸ್ ಒಂದು ಪರ್ಸಿನಲ್ಲಿ ಇದೆ. ಒಂದು ಮಗಳ ಶಾಲೆಯ ಆಫೀಸಿನಲ್ಲಿ, ಒಂದು ನಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್ ಹತ್ತಿರ, ಫೋನಿನಲ್ಲಿ ಫೋಟೊ ಬೇರೆ. ಅವರು ಒಮ್ಮೆ ಶಾಲೆ ಗೇಟಿಗೆ ಬಂದರು. 112ಕ್ಕೆ ಫೋನ್ ಮಾಡಿದೆ. ಬಂದ ಪೊಲೀಸರು ಮೊದಲು "ಗಂಡ ಹೆಂಡ್ತಿ ಜಗಳ, ಮನೇಲಿ ಮಾತಾಡ್ಕೊಳ್ಳಿ" ಅಂದರು. ಕಾಗದ ತೋರಿಸಿದೆ. 31ನೇ ಕಲಂ ಓದಿಸಿದೆ. ಆದೇಶ ಮುರಿದರೆ 1 ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ವಾರಂಟ್ ಇಲ್ಲದೆ ಹಿಡಿಯಬಹುದು, ಜಾಮೀನುರಹಿತ ಅಪರಾಧ. ಅವರ ಮಾತಿನ ರೀತಿಯೇ ಬದಲಾಯಿತು. ಅವತ್ತು ಗಂಡನನ್ನು ಕರೆದುಕೊಂಡು ಹೋದರು.

ಅದಾದ ಮೇಲೆ ಬಂದಿಲ್ಲ.

ಕಬ್ಬಿನಗದ್ದೆ

ಇದು ಡೈವೋರ್ಸ್ ಆದವರಿಗೂ ಸಿಗುತ್ತಾ? ನಮ್ಮ ಸಂಬಂಧಿಕರ ಹುಡುಗಿ ಇದ್ದಾಳೆ.

ಲಾ ವಿದ್ಯಾರ್ಥಿನಿ

ಸಿಗುತ್ತೆ ಅಣ್ಣ. ಮದುವೆ ಇದ್ದಾಗ ನಡೆದ ಹಿಂಸೆಗೆ ವಿಚ್ಛೇದನದ ನಂತರವೂ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಮದುವೆ ಆಗದೆ ಜೊತೆಗಿದ್ದವರಿಗೂ, ತಾಯಿಗೂ, ಅಕ್ಕತಂಗಿಯರಿಗೂ ಈ ಕಾಯ್ದೆ ಇದೆ. ಅವಳು ತವರಿಗೆ ಬಂದಿದ್ದರೆ ತವರೂರಿನ ಕೋರ್ಟಿನಲ್ಲೇ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ಆದೇಶ ಇಡೀ ದೇಶಕ್ಕೆ ಅನ್ವಯ.

ಆದರೆ ಮಂಡ್ಯದ ಅಕ್ಕನಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಪಕ್ಕದ ಬೀದಿಯವನ ಜೊತೆ ಕೌಟುಂಬಿಕ ಸಂಬಂಧ ಇಲ್ಲವಲ್ಲ. ನನಗೆ ಈ ವಿಷಯ ಓದಿದಾಗಿನಿಂದ ಸಿಟ್ಟು ಇದೆ. ಗಂಡ ಹಿಂಸೆ ಕೊಟ್ಟರೆ ಪ್ರತ್ಯೇಕ ರಕ್ಷಣಾ ಆದೇಶ ಉಂಟು, ಮುರಿದರೆ ಅದೇ ಒಂದು ಅಪರಾಧ. ಅಪರಿಚಿತ, ಪಕ್ಕದ ಮನೆಯವನು, ಸಹೋದ್ಯೋಗಿ ಹಿಂಸೆ ಕೊಟ್ಟರೆ ಅಷ್ಟು ನೇರವಾದ ಆದೇಶ ನಮ್ಮಲ್ಲಿ ಇಲ್ಲ. ಜಾಮೀನಿನ ಷರತ್ತಿನ ಬಾಲ ಹಿಡಿಯಬೇಕು. ಕೇಸು ಮುಗಿದ ದಿನ ಆ ಷರತ್ತೂ ಮುಗಿಯಿತು. ಅವನಿಗೆ ಶಿಕ್ಷೆ ಆಗಿ, ಅದನ್ನು ಮುಗಿಸಿ ಹೊರಬಂದು ಅದೇ ಬೀದಿಯಲ್ಲಿ ನಿಂತರೆ? ಇಂಗ್ಲೆಂಡಿನಲ್ಲಿ ಶಿಕ್ಷೆ ಕೊಡುವಾಗಲೇ, ಇನ್ನು ಮುಂದೆಯೂ ಆಕೆಯ ಹತ್ತಿರ ಹೋಗಬಾರದು ಅಂತ ಬೇರೆ ಆದೇಶ ಮಾಡುತ್ತಾರೆ. ಆರೋಪಿ ಖುಲಾಸೆ ಆದರೂ ಅಗತ್ಯ ಕಂಡರೆ ಮಾಡಬಹುದು. ನಮ್ಮ ಹೊಸ ಸಂಹಿತೆಗಳು 2024ರ ಜುಲೈ 1ರಿಂದ ಜಾರಿಗೆ ಬಂದವು. ಕಲಂಗಳ ನಂಬರ್ ಎಲ್ಲ ಬದಲಾಯಿತು. ಈ ಒಂದು ಜಾಗ ಖಾಲಿಯೇ ಉಳಿಯಿತು.

ಹಿಂಬಾಲಿಸುವ ಅಪರಾಧವನ್ನೇ ನೋಡಿ. ದೆಹಲಿಯ ಸಾಮೂಹಿಕ ಅತ್ಯಾಚಾರದ ನಂತರ ಕಾನೂನು ತಿದ್ದಲು ನೇಮಿಸಿದ್ದ ವರ್ಮಾ ಸಮಿತಿಯ ವರದಿ ಬಂದ ಮೇಲೆ 2013ರಲ್ಲಿ ಬಂದ ಕಲಂ ಅದು, ಈಗ ನ್ಯಾಯ ಸಂಹಿತೆಯ 78. ಹುಡುಗಿ ಬೇಡ ಅಂದ ಮೇಲೂ ಪದೇ ಪದೇ ಹಿಂಬಾಲಿಸಿ ಸಂಪರ್ಕಿಸುವುದು, ಅವಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಎಲ್ಲ ಅದರೊಳಗೆ ಬರುತ್ತದೆ. ಮೊದಲ ಸಲ ಜಾಮೀನು ಸಿಗುವ ಅಪರಾಧ. ಎರಡನೇ ಸಲ ಜಾಮೀನುರಹಿತ. ಆದರೆ ಎರಡನೇ ಸಲ ಅಂದರೆ ಎರಡನೇ ದೂರು ಅಲ್ಲ, ಮೊದಲನೆಯದರಲ್ಲಿ ಶಿಕ್ಷೆ ಆಗಿರಬೇಕು. ಮೊದಲ ಕೇಸು ವರ್ಷಗಟ್ಟಲೆ ಎಳೆಯುತ್ತದೆ. ಅಲ್ಲಿಯವರೆಗೆ ಅವನು ಎಷ್ಟು ಸಲ ಮಾಡಿದರೂ "ಮೊದಲ ಸಲ"ವೇ.

ವಕೀಲೆ, ಮೈಸೂರು

ಖಾಲಿ ಜಾಗ ಇದೆ, ಒಪ್ಪುತ್ತೇನೆ. ಅದು ತುಂಬುವವರೆಗೆ ನಮ್ಮ ಹುಡುಗಿಯರು ಕಾಯುವುದಕ್ಕೆ ಆಗುವುದಿಲ್ಲ. ಇರುವುದನ್ನು ಪೂರ್ತಿ ಬಳಸೋಣ. ಸಾಕ್ಷಿ ಸಂರಕ್ಷಣಾ ಯೋಜನೆ 2018 ಅಂತ ಒಂದಿದೆ. ನಮ್ಮ ಜಿಲ್ಲೆಗಳಲ್ಲಿ ಇದನ್ನು ಕೇಳುವವರೇ ಕಡಿಮೆ.

ಆ ವರ್ಷ ಡಿಸೆಂಬರ್ 5ರಂದು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟು, ಕಾನೂನಿನಂತೆಯೇ ಪಾಲಿಸಬೇಕು ಅಂದಿದೆ. ಈಗ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಬೇಕು ಅನ್ನುತ್ತದೆ. ದೊಡ್ಡ ಕೊಲೆ ಕೇಸಿನ ಸಾಕ್ಷಿಗಳಿಗೆ ಮಾತ್ರ ಅಂತ ತಿಳಿಯಬೇಡಿ. ಹೆಣ್ಣಿನ ಮೇಲೆ ಕೈ ಮಾಡಿದ್ದು, ಹಿಂಬಾಲಿಸಿದ್ದು, ಹಳೆಯ ದಂಡ ಸಂಹಿತೆಯ 354 ಮತ್ತು 354ಡಿ, ಇವೂ ಅದರಲ್ಲಿವೆ. ಅಂದರೆ ನಿಮ್ಮ ತಂಗಿಯ ಕೇಸು ಬರುತ್ತದೆ. ಅವಳೇ ಆ ಕೇಸಿನ ಮುಖ್ಯ ಸಾಕ್ಷಿ.

ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಸಮಿತಿ ಇರಬೇಕು. ಜಿಲ್ಲಾ ಪೊಲೀಸ್ ಮುಖ್ಯಸ್ಥರು ಸದಸ್ಯರು, ಜಿಲ್ಲೆಯ ಪ್ರಾಸಿಕ್ಯೂಷನ್ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ಅರ್ಜಿ ಕೊಟ್ಟ ಮೇಲೆ ಡಿವೈಎಸ್‌ಪಿ ಎಷ್ಟು ಅಪಾಯ ಇದೆ ಅಂತ 5 ಕೆಲಸದ ದಿನದಲ್ಲಿ ವರದಿ ಕೊಡಬೇಕು. ಸಮಿತಿ ಏನೆಲ್ಲ ಮಾಡಬಹುದು? ಮನೆ ಸುತ್ತ ಗಸ್ತು, ಕೋರ್ಟಿಗೆ ಪೊಲೀಸ್ ಜೊತೆ ಕರೆದುಕೊಂಡು ಹೋಗುವುದು, ಫೋನ್ ನಂಬರ್ ಬದಲಿಸಿ ಕೊಡುವುದು, ಮನೆಗೆ ಕ್ಯಾಮೆರಾ. ತನಿಖೆ, ವಿಚಾರಣೆ ವೇಳೆ ಇಬ್ಬರೂ ಮುಖಾಮುಖಿ ಆಗದ ಹಾಗೆ ನೋಡಿಕೊಳ್ಳುವುದು ಈ ಯೋಜನೆಯ ಮೊದಲ ಅಂಶಗಳಲ್ಲಿ ಒಂದು.

ಗಡಿಪಾರು ಕೇಳಿದ್ದಿರಿ. ಕರ್ನಾಟಕ ಪೊಲೀಸ್ ಕಾಯ್ದೆ 1963ರಲ್ಲಿ ಅವಕಾಶ ಇದೆ, ಆದರೆ ಅದು ಮೇಲಿಂದ ಮೇಲೆ ಅಪರಾಧ ಮಾಡುವವರ ಮೇಲೆ ಬಳಸುವ ದಾರಿ. ಈ ಕೇಸಿಗೆ ಅದರ ಮೇಲೆ ಭರವಸೆ ಇಡಬೇಡಿ.

ನಿವೃತ್ತ ಎಎಸ್‌ಐ

ಇಲಾಖೆಯಲ್ಲಿ ಇದ್ದವನು ನಾನು. ಠಾಣೆಯವರು "ಸಾರ್ವಜನಿಕ ಜಾಗ" ಅಂದಿದ್ದು ತಪ್ಪು. ಬಾಯಿ ಮಾತಿನಲ್ಲಿ ಹೇಳಿದರೆ ಬಾಯಿ ಮಾತಿನಲ್ಲೇ ಕಳಿಸುತ್ತಾರೆ. ಬರೆದು ಕೊಡಿ.

ಇವತ್ತಿಂದ ಒಂದು ನೋಟ್‌ಬುಕ್ ಇಡಲು ಹೇಳಿ. ದಿನಾಂಕ, ಹೊತ್ತು, ಎಲ್ಲಿ, ಏನು ಮಾಡಿದ, ಜೊತೆಯಲ್ಲಿ ಯಾರಿದ್ದರು. ಅವನ ತಾಯಿ ಬಂದು ಹೋದದ್ದನ್ನೂ ಬರೆಯಲಿ. ಇನ್‌ಸ್ಟಾಗ್ರಾಮ್ ಮೆಸೇಜ್ ಓದಿ ಹೊಟ್ಟೆ ತೊಳಸಿದರೂ ಅಳಿಸಬೇಡಿ, ಬ್ಲಾಕ್ ಮಾಡುವ ಮೊದಲು ಖಾತೆಯ ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಫೋನ್ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಬಸ್ ಸ್ಟಾಪಿನ ಹತ್ತಿರ ಅಂಗಡಿಯ ಸಿಸಿಟಿವಿ ಇದ್ದರೆ ಅದನ್ನು ವಶಕ್ಕೆ ತೆಗೆದುಕೊಳ್ಳಿ ಅಂತ ತನಿಖಾಧಿಕಾರಿಗೆ ಕೂಡಲೇ ಅರ್ಜಿ ಕೊಡಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿ ಹೋಗುತ್ತದೆ, ಇದಕ್ಕೆ ಕಾಯಬಾರದು.

ಠಾಣೆಯಲ್ಲಿ ಕೊಟ್ಟ ಪ್ರತಿ ಅರ್ಜಿಗೂ ಸೀಲ್ ಹಾಕಿಸಿಕೊಳ್ಳಿ, ಹಿಂಬರಹ ಕೇಳಿ. ತೆಗೆದುಕೊಳ್ಳುವುದಿಲ್ಲ ಅಂದರೆ ಎಸ್‌ಪಿ ಕಚೇರಿಗೆ ರಿಜಿಸ್ಟರ್ ಪೋಸ್ಟ್ ಮಾಡಿ, ಅದಕ್ಕೆ ಕಾನೂನಿನಲ್ಲೇ ಜಾಗ ಇದೆ. ಎದುರಿಗೆ ನಿಂತಿದ್ದಾನೆ ಅಂದ ಕ್ಷಣ 112. ಬಂದು ಅವನನ್ನು ಓಡಿಸುವುದು ಒಂದು ಲಾಭ, ಕರೆ ದಾಖಲಾಗುವುದು ಇನ್ನೊಂದು. ಜಾಮೀನು ರದ್ದತಿ ಅರ್ಜಿಗೆ ಆ ದಾಖಲೆ ಬಹಳ ಬಲ ಕೊಡುತ್ತದೆ.

ಇನ್ನೊಂದು ದಾರಿ ಇದೆ, ಸುರಕ್ಷಾ ಸಂಹಿತೆಯ 126ನೇ ಕಲಂ. ನಮ್ಮ ಕಾಲಕ್ಕೆ 107 ಅನ್ನುತ್ತಿದ್ದೆವು. ಪೊಲೀಸ್ ವರದಿ ಮೇಲೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು, ತಾಲ್ಲೂಕಿನಲ್ಲಿ ಅಂದರೆ ತಹಶೀಲ್ದಾರರು, ಶಾಂತಿ ಕಾಪಾಡುತ್ತೇನೆ ಅಂತ ಅವನಿಂದ 1 ವರ್ಷದವರೆಗೆ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಮೈಸೂರು ನಗರದಲ್ಲಿ ಕಮಿಷನರೇಟ್ ಇರುವುದರಿಂದ ಅಲ್ಲಿ ಈ ಅಧಿಕಾರ ಪೊಲೀಸ್ ಅಧಿಕಾರಿಗಳ ಹತ್ತಿರವೇ ಇದೆ. ಮುಚ್ಚಳಿಕೆ ಮುರಿದರೆ ಅದರಲ್ಲಿ ಬರೆದ ಹಣ ಹೋಗುತ್ತದೆ, ಒಳಗೂ ಹೋಗಬಹುದು. ಇದು ಎರಡೂ ಮನೆಯವರ ಮೇಲೆ ಒಟ್ಟಿಗೆ ಹಾಕುವ ಕೆಟ್ಟ ಅಭ್ಯಾಸ ಕೆಲವು ಕಡೆ ಇದೆ. ಹಾಗೆ ಮಾಡಲು ಬಂದರೆ ಒಪ್ಪಬೇಡಿ. ನೊಂದವಳಿಂದ ಯಾಕೆ ಮುಚ್ಚಳಿಕೆ?

ಒಬ್ಬ ತಾಯಿ

ನಾನು ಇಲ್ಲಿ ಬರೆಯುವುದು ಇದೇ ಮೊದಲು. ನನ್ನ ಮಗುವಿನ ಕೇಸು ಪೋಕ್ಸೊದಲ್ಲಿ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಇದೆ. ಇನ್ನೇನು ಸಾಕ್ಷಿಗೆ ಕರೆಯುತ್ತಾರೆ. ಅವನು ನಮ್ಮ ಹತ್ತಿರದ ಸಂಬಂಧಿ. ಮಗು "ಅವರು ಅಲ್ಲಿ ಇರ್ತಾರಾ" ಅಂತ ದಿನಾ ಕೇಳುತ್ತದೆ. ಏನು ಹೇಳಲಿ?

ವಕೀಲೆ, ಮೈಸೂರು

ಅಮ್ಮ, ಧೈರ್ಯವಾಗಿ ಹೇಳಿ, ನಿನಗೆ ಅವರು ಕಾಣುವುದಿಲ್ಲ ಅಂತ.

ಪೋಕ್ಸೊ ಕಾಯ್ದೆಯ 36ನೇ ಕಲಂ ಅದನ್ನೇ ಹೇಳುತ್ತದೆ. ಸಾಕ್ಷಿ ಹೇಳುವಾಗ ಮಗು ಆರೋಪಿಯ ಎದುರಿಗೆ ಬರಬಾರದು. ಆರೋಪಿಗೆ ಮಾತು ಕೇಳಿಸಬೇಕು, ಅದು ಅವನ ಹಕ್ಕು. ಆದರೆ ಮಗುವಿಗೆ ಅವನ ಮುಖ ಕಾಣಬಾರದು. ಅದಕ್ಕೆ ಪರದೆ, ಒಂದೇ ಕಡೆಯಿಂದ ಕಾಣುವ ಗಾಜು, ವಿಡಿಯೊ, ಏನಾದರೂ ಬಳಸುತ್ತಾರೆ. ಹೇಳಿಕೆ ಪಡೆಯುವಾಗಲೂ ಆರೋಪಿಯ ಸಂಪರ್ಕಕ್ಕೆ ಮಗು ಬರದ ಹಾಗೆ ಪೊಲೀಸರು ನೋಡಿಕೊಳ್ಳಬೇಕು. ಮಗುವನ್ನು ಪದೇ ಪದೇ ಕೋರ್ಟಿಗೆ ಕರೆಸಬಾರದು. ನೀವು ಪಕ್ಕದಲ್ಲೇ ಕೂರಬಹುದು. ಬೆಂಬಲ ವ್ಯಕ್ತಿ ಒಬ್ಬರನ್ನು ಮಕ್ಕಳ ಕಲ್ಯಾಣ ಸಮಿತಿಯಿಂದ ಕೇಳಿ, ವಿಚಾರಣೆ ಮುಗಿಯುವವರೆಗೂ ಜೊತೆ ಇರುತ್ತಾರೆ.

ಕೋರ್ಟ್ ಹಾಲಿನ ಒಳಗೆ ಇಷ್ಟೆಲ್ಲ ಇದ್ದರೂ ತೊಂದರೆ ಆಗುವುದು ಕಾರಿಡಾರಿನಲ್ಲಿ. ಹೊರಗೆ ಬೆಂಚಿನ ಮೇಲೆ ಕಾಯುವಾಗ ಅವನ ಕಡೆಯ ಹತ್ತು ಜನ ಎದುರಿಗೆ ಕೂತಿರುತ್ತಾರೆ. ಅದಕ್ಕೇ ಹಿಂದಿನ ದಿನವೇ ಸರ್ಕಾರಿ ಅಭಿಯೋಜಕರನ್ನು ಭೇಟಿ ಮಾಡಿ, ಕಾಯಲು ಬೇರೆ ಕೋಣೆ, ಬೇರೆ ಬಾಗಿಲು ಬೇಕು ಅಂತ ಬರೆದು ಕೊಡಿ. ಭಯಪಡುವ ಸಾಕ್ಷಿಗಳಿಗೆ ಪ್ರತಿ ಜಿಲ್ಲೆಯಲ್ಲಿ ಪ್ರತ್ಯೇಕ ಸಾಕ್ಷ್ಯ ಕೇಂದ್ರ ಇರಬೇಕು ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಮಕ್ಕಳಿಗೆ ಮಾತ್ರವಲ್ಲ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ದೊಡ್ಡವರಿಗೂ. ಮಂಡ್ಯದ ಅಕ್ಕ, ಇದನ್ನು ನೀವೂ ನೆನಪಿಡಿ.

ಇನ್ನು ಅವನ ಕಡೆಯವರು ಮಗುವಿನ ಹೇಳಿಕೆ ತಿರುಚಲು ನಿಮ್ಮ ಮೇಲೆ ಒತ್ತಡ ಹಾಕುತ್ತಿದ್ದರೆ ಅದು ಬೇರೆಯೇ ಅಪರಾಧ. ನ್ಯಾಯ ಸಂಹಿತೆ 232, ಸುಳ್ಳು ಸಾಕ್ಷಿ ಹೇಳಿಸಲು ಬೆದರಿಸುವುದು. 7 ವರ್ಷದವರೆಗೆ ಶಿಕ್ಷೆ ಇದೆ.

ಒಬ್ಬ ತಾಯಿ

ತುಂಬಾ ಉಪಕಾರ ಮೇಡಂ. ಮಗುವಿಗೆ ಹೇಳಿದೆ.

ಊರ ಹಿರಿಯ

ಎಲ್ಲ ಓದಿದೆ. ಒಂದೇ ಊರಿನಲ್ಲಿ ದ್ವೇಷ ಬೆಳೆಯಬಾರದು ಅಂತ ಹೇಳಿದೆ ಅಷ್ಟೇ. ಆ ತಾಯಿಯ ಮಾತು ಓದಿದ ಮೇಲೆ ನನಗೆ ವಾದ ಮಾಡುವ ಮನಸ್ಸಿಲ್ಲ. ಒಂದು ಪ್ರಶ್ನೆ ಮಾತ್ರ. ಇವನ ಫೋನಿನ ಲೊಕೇಶನ್ ಪೊಲೀಸರಿಗೆ ದಿನಾ ಹೋಗುವ ಹಾಗೆ ಷರತ್ತು ಹಾಕಿಸಿದರೆ ಎಲ್ಲರಿಗೂ ಸುಲಭ ಅಲ್ವಾ?

ಲಾ ವಿದ್ಯಾರ್ಥಿನಿ

ಅದಕ್ಕೆ ಅವಕಾಶ ಇಲ್ಲ. ಆರೋಪಿ ಎಲ್ಲೆಲ್ಲಿ ಓಡಾಡುತ್ತಾನೆ ಅಂತ ಸದಾ ಪೊಲೀಸರಿಗೆ ತೋರಿಸುವ ಷರತ್ತು ಖಾಸಗಿತನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ನನಗೂ ಅದು ಸರಿ ಅನ್ನಿಸುತ್ತದೆ. ಅವನು ಇಡೀ ದಿನ ಎಲ್ಲಿರುತ್ತಾನೆ ಅನ್ನುವುದು ನಮಗೆ ಬೇಡ. ಅವಳು ಇರುವ ಕಡೆ ಬರದಿದ್ದರೆ ಸಾಕು.

ಮಂಡ್ಯದ ಅಕ್ಕ

ಜಾಮೀನು ಆದೇಶದ ಪ್ರತಿ ಸಿಕ್ಕಿತು. ಮೇಡಂ ಹೇಳಿದ ಹಾಗೆಯೇ ಇದೆ. "ಪ್ರಾಸಿಕ್ಯೂಷನ್ ಸಾಕ್ಷಿಗಳನ್ನು ಬೆದರಿಸಬಾರದು" ಅಂತ ಒಂದು ಸಾಲು. ತಂಗಿಯ ಹತ್ತಿರ ಹೋಗಬಾರದು ಅಂತ ಎಲ್ಲೂ ಇಲ್ಲ. ನೋಟ್‌ಬುಕ್ ಶುರು ಮಾಡಿದ್ದಾಳೆ. ಮೊನ್ನೆ ಅವನು ನಿಂತಿದ್ದಾಗ 112ಕ್ಕೆ ಫೋನ್ ಮಾಡಿದಳು, ಗಾಡಿ ಬರುವಷ್ಟರಲ್ಲಿ ಹೊರಟುಹೋಗಿದ್ದ. ಆದರೂ ದಾಖಲೆ ಆಯಿತು.

ಚಿಕ್ಕಪ್ಪನಿಗೆ ಟೀಚರ್ ಬರೆದದ್ದನ್ನು ಓದಿ ಹೇಳಿದೆ. ಮಾತಾಡಲಿಲ್ಲ. ಮಾರನೇ ದಿನ ಅವರೇ ಅವಳ ಜೊತೆ ಬಸ್ ಸ್ಟಾಪಿನವರೆಗೆ ಹೋದರು. ಅಜ್ಜಿ ಮನೆಯ ಮಾತು ಸದ್ಯಕ್ಕೆ ಎತ್ತಿಲ್ಲ.

ವಕೀಲೆ, ಮೈಸೂರು

ಒಳ್ಳೆಯದು. ಈಗ ಎರಡು ಅರ್ಜಿ ಒಟ್ಟಿಗೆ ಹೋಗಲಿ. ಒಂದು, ಷರತ್ತು ಬಿಗಿ ಮಾಡಲು, ಮತ್ತೆ ಮುರಿದರೆ ಜಾಮೀನು ರದ್ದು ಮಾಡಲು. ಇನ್ನೊಂದು, ಸಾಕ್ಷಿ ಸಂರಕ್ಷಣಾ ಸಮಿತಿಗೆ. "ತೊಂದರೆ ಕೊಡಬಾರದು" ಅಂತ ಮೋಘಮ್ ಆಗಿ ಬರೆದರೆ ಆದೇಶವೂ ಮೋಘಮ್ ಆಗಿ ಬರುತ್ತದೆ, ಮುರಿದಾಗ ಹಿಡಿಯಲು ಏನೂ ಇರುವುದಿಲ್ಲ. ಯಾವ ಬಸ್ ಸ್ಟಾಪು, ಬೆಳಿಗ್ಗೆ ಎಷ್ಟರಿಂದ ಎಷ್ಟರವರೆಗೆ, ಮನೆಯಿಂದ ಎಷ್ಟು ದೂರ, ಫೋನ್, ವಾಟ್ಸ್‌ಆಪ್, ಇನ್‌ಸ್ಟಾಗ್ರಾಮ್, ಸ್ನೇಹಿತರು, ಮನೆಯವರ ಮೂಲಕ ಯಾವ ಮಾತೂ ಕಳಿಸಬಾರದು, ಹೀಗೆ ಒಂದೊಂದಾಗಿ. ಅವನ ಮನೆಯೂ ಅದೇ ಊರಿನಲ್ಲಿ ಇರುವುದರಿಂದ ಊರಿಗೇ ಬರಬಾರದು ಅಂತ ಕೇಳಿದರೆ ಕೋರ್ಟು ಒಪ್ಪುವುದು ಕಷ್ಟ. ಅವಳು ಓಡಾಡುವ ಜಾಗ ಮತ್ತು ಹೊತ್ತು ಹೇಳಿ ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ.

ಎಫ್‌ಐಆರ್ ಪ್ರತಿ, ಜಾಮೀನು ಆದೇಶ, ನೋಟ್‌ಬುಕ್, ಸ್ಕ್ರೀನ್‌ಶಾಟ್ ಇರುವ ಫೋನ್, ಆಧಾರ್ ತೆಗೆದುಕೊಂಡು ಮಂಡ್ಯ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೋಗುವ ಮೊದಲು ಕೇಳಬೇಕಿದ್ದರೆ 15100. ತಂಗಿಯನ್ನೂ ಕರೆದುಕೊಂಡು ಹೋಗಿ, ಅವಳ ಬಾಯಲ್ಲೇ ಹೇಳಲಿ.

ಮಂಡ್ಯದ ಅಕ್ಕ

ನನ್ನ ಫೋನಿನಿಂದ ತಂಗಿ ಬರೆಯುತ್ತಿದ್ದಾಳೆ.

ಮೇಡಂ, ನಾನೇ ಆ ಹುಡುಗಿ. ಎಲ್ಲರೂ ಬರೆದದ್ದು ಓದಿದೆ. ನಾನು ಕೆಲಸ ಬಿಡಲ್ಲ. ಒಂದು ಕೇಳಬೇಕಿತ್ತು. ಬಸ್ ಸ್ಟಾಪ್ ಮಾತ್ರ ಅಲ್ಲ, ಫ್ಯಾಕ್ಟರಿ ಹಿಂದಿನ ಗೇಟಿನ ಹತ್ತಿರ ಟೀ ಅಂಗಡಿ ಇದೆ, ಶಿಫ್ಟ್ ಬಿಡುವಾಗ ಅಲ್ಲೂ ನಿಲ್ಲುತ್ತಾನೆ. ಅಕ್ಕನಿಗೂ ಹೇಳಿರಲಿಲ್ಲ. ಅದನ್ನೂ ಅರ್ಜಿಯಲ್ಲಿ ಸೇರಿಸಬಹುದಾ?

ವಕೀಲೆ, ಮೈಸೂರು

ಸೇರಿಸಲೇಬೇಕು. ಆ ಗೇಟನ್ನು ಫ್ಯಾಕ್ಟರಿಯಲ್ಲಿ ಏನಂತ ಕರೆಯುತ್ತಾರೆ, ಟೀ ಅಂಗಡಿ ರಸ್ತೆಯ ಯಾವ ಬದಿಗೆ ಇದೆ, ಶಿಫ್ಟ್ ಎಷ್ಟು ಹೊತ್ತಿಗೆ ಬಿಡುತ್ತದೆ, ಅವನು ಅಲ್ಲಿ ನಿಂತಿದ್ದನ್ನು ನೋಡಿದ ಗೆಳತಿಯರು ಯಾರಾದರೂ ಹೇಳಲು ಒಪ್ಪುತ್ತಾರಾ, ಇಷ್ಟನ್ನೂ ಇವತ್ತೇ ನೋಟ್‌ಬುಕ್ಕಿನಲ್ಲಿ ಬರೆದಿಡು.